ಒಂದು ಫ್ಯಾಮಿಲಿ ಬಾಕಿ

"ಒಂದೇ ಫ್ಯಾಮಿಲಿ ಬಾಕಿ ಇರೋದು ವಾಣಿಶ್ರೀ. ಇವತ್ತು ಅದನ್ನೂ ಮುಗಿಸ್ಬಿಡ್ತೀನಿ."

ಮಾತು ಬಂದದ್ದು ಹೊಂಗೆ ಮರದ ನೆರಳಿನಲ್ಲಿ ನಿಂತಿದ್ದ ಕಾರಿನ ಆಚೆ ಬದಿಯಿಂದ. ಈಚೆ ಬದಿಯಲ್ಲಿ ನರಸಮ್ಮ ಮಜ್ಜಿಗೆ ಲೋಟ ಹಿಡಿದು ನಿಂತಿದ್ದಳು. ಬಿಸಿಲಲ್ಲಿ ಅಲೆದು ಬಂದ ಮನುಷ್ಯ, ಗಂಟಲು ತಣಿಯಲಿ ಎಂದು ತಂದವಳು, ಯಾರ ಮನೆ ಮುಗಿಸುವ ಮಾತಪ್ಪಾ ಇದು ಎಂದು ಅಲ್ಲೇ ಹೆಜ್ಜೆ ತಡೆದಳು.

ಆ ಮನುಷ್ಯನ ಹೆಸರು ಭಾನುಪ್ರಕಾಶ್. ಬೆಂಗಳೂರಿನವರು, ಅರವತ್ತು ದಾಟಿದವರು. ಮೊನ್ನೆ ಬೆಳಿಗ್ಗೆ ಬಂದು, "ಅಮ್ಮಾ, ನಿಮ್ಮ ಅಂಗಳದಲ್ಲಿ ಕಾರು ನಿಲ್ಲಿಸ್ಕೊಳ್ಳಲಾ? ಕೆರೆ ಹಿಂದಿನ ಬೀಳಲ್ಲಿ ಹಕ್ಕಿ ನೋಡ್ಬೇಕು" ಎಂದು ಕೇಳಿದ್ದರು. ಕೊರಳಲ್ಲಿ ದುರ್ಬೀನು, ಹೆಗಲಲ್ಲಿ ಉದ್ದ ಮೂತಿಯ ಕ್ಯಾಮೆರಾ. ಕೆರೆ ಹಿಂದಿನ ಜಮೀನನ್ನು ಲೇಔಟಿನವರು ಕೊಂಡು, ಕಲ್ಲು ನೆಟ್ಟು, ಬಿಟ್ಟುಹೋಗಿದ್ದರು. ಉಳುವವರಿಲ್ಲದೆ ಅಲ್ಲಿ ಮೊಳಕಾಲುದ್ದ ಹುಲ್ಲು ಎದ್ದಿತ್ತು. ಆ ಹುಲ್ಲಿನಲ್ಲಿ ನೋಡುವಂಥ ಹಕ್ಕಿ ಏನಿದೆಯೋ ನರಸಮ್ಮನಿಗೆ ತಿಳಿಯಲಿಲ್ಲ. ಆದರೂ ನಿಲ್ಲಿಸಿಕೊಳ್ಳಿ ಎಂದಿದ್ದಳು.

ಅವತ್ತು ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಾ ಅವರು ಏನೇನೋ ಹೇಳಿದ್ದರು. ಆಫ್ರಿಕಾದಲ್ಲಿ ಒಂದು ಹಕ್ಕಿಗಾಗಿ ಜೊಂಡಿನ ನಡುವೆ ದೋಣಿಯಲ್ಲಿ ಅಲ್ಲಾಡದೆ ಕೂತದ್ದು, ಎಲ್ಲೋ ಒಂದು ದ್ವೀಪದ ಬೆಟ್ಟದಲ್ಲಿ ಜಿಗಣೆ ಹತ್ತಿಸಿಕೊಂಡು ಕಾದದ್ದು.

"ಅಷ್ಟು ದೂರ ಹೋಗಿ ಹಿಡ್ಕೊಂಡ್ ಬತ್ತೀರಾ ಸ್ವಾಮಿ?" ಎಂದು ನರಸಮ್ಮ ಕೇಳಿದ್ದಳು.

"ಇಲ್ಲಮ್ಮ. ನೋಡೋದು."

"ತಿನ್ನಾಕೂ ಇಲ್ವಾ?"

"ಅಯ್ಯೋ, ಇಲ್ಲ. ನೋಡಿ, ಲೆಕ್ಕಕ್ಕೆ ಸೇರಿಸ್ಕೊಳ್ಳೋದು. ಸುಮ್ನೆ ದೇಶ ಸುತ್ತಿದ್ರೆ ಲೆಕ್ಕ ಬೆಳೆಯಲ್ಲ. ಯಾವ ಸೀಮೇಲಿ ಮಾತ್ರ ಏನಿದೆ, ಬೇರೆ ಕಡೆ ಏನಿಲ್ಲ, ಅದನ್ನ ತಿಳ್ಕೊಂಡು ಹೋಗ್ಬೇಕು. ಒಂದೊಂದ್ಸಲ ಪಂಡಿತರು ಕೂತು, ಇದು ಒಂದು ಹಕ್ಕಿ ಅಲ್ಲ, ಎರಡು ಅಂತ ತೀರ್ಮಾನ ಮಾಡ್ತಾರೆ. ಆಗ ಮನೇಲಿ ಕೂತಿದ್ದ ಹಾಗೇ ನನ್ನ ಲೆಕ್ಕ ಒಂದು ಹೆಚ್ಚುತ್ತೆ." ಆಮೇಲೆ ಸ್ವಲ್ಪ ಹೆಮ್ಮೆಯಿಂದ, "ಆದ್ರೆ ಹಾರಿಹೋಗೋ ಬೆನ್ನು ಕಂಡ್ರೆ ನಾನು ಸೇರಿಸಲ್ಲ. ಮುಖ ಕಾಣ್ಬೇಕು" ಎಂದಿದ್ದರು.

ನೂರೆಂಟು ಕ್ಷೇತ್ರಗಳ ದರ್ಶನಕ್ಕೆಂದು ಊರೂರು ತಿರುಗುವವರಿದ್ದಾರಲ್ಲ, ಇವರದೂ ಹಾಗೇ ಇರಬೇಕು ಎಂದು ನರಸಮ್ಮ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಪೂರ್ತಿ ನಂಬಿಕೆ ಮಾತ್ರ ಬಂದಿರಲಿಲ್ಲ. ಹೊಲಗದ್ದೆ ಬರಡು ಬಿದ್ದಿರುವ ಕಡೆ ಅಪರಿಚಿತರು ಬಂದು ಮೂರು ಮೂರು ದಿನ ಸುಳಿದಾಡಿದರೆ ಯಾರಿಗೆ ತಾನೇ ನಂಬಿಕೆ ಬಂದೀತು?

ಈಗ ಕಾರಿನ ಆಚೆ ಫೋನಿನಲ್ಲಿ ಒಂದು ಹೆಣ್ಣು ದನಿ ಕೇಳುತ್ತಿತ್ತು. ಸ್ಪೀಕರಿಗೆ ಹಾಕಿಕೊಂಡು ಅವರು ಮಾತಾಡುತ್ತಿದ್ದರು.

"ಮಡಗಾಸ್ಕರ್‌ದು ಎಲ್ಲಾ ಮುಗೀತಾ ಹಾಗಾದ್ರೆ?"

"ಅಲ್ಲಿ ಇದ್ದಬದ್ದ ಫ್ಯಾಮಿಲಿ ಎಲ್ಲಾ ಒಂದೇ ಟ್ರಿಪ್ಪಲ್ಲಿ ಮುಗಿಸ್ದೆನಲ್ಲ. ಇದೊಂದು ಊರ ಹಿತ್ತಲಲ್ಲೇ ಇದೆ, ಯಾವಾಗ ಬೇಕಾದ್ರೂ ಆಗುತ್ತೆ ಅಂತ ಬಿಟ್ಟಿದ್ದು."

"ಮರಿ ಎಷ್ಟು?"

"ಎರಡು. ನಿನ್ನೆ ಸಂಜೆ ದಾರಿ ದಾಟ್ತಿದ್ವು, ಓಡಿ ಬಿಟ್ವು. ಅಪ್ಪ ಒಬ್ಬನೇ ನೋಡ್ಕೊಳ್ತಿದಾನೆ."

"ತಾಯಿ?"

"ಅವಳೆಲ್ಲಿ! ಇವನ ತಲೆಗೆ ಕಟ್ಟಿ ಇನ್ನೊಬ್ಬನ ಹಿಂದೆ ಹೋಗಿದಾಳೆ."

ಇಬ್ಬರೂ ನಕ್ಕರು.

"ಗದ್ದಲ ಮಾಡ್ಬೇಡಿ ಸಾರ್. ಪಾಪ, ಹೆದರ್ತಾವೆ" ಎಂದಿತು ಹೆಣ್ಣು ದನಿ.

"ಇಲ್ಲ ಇಲ್ಲ, ಮೆತ್ತಗೆ. ಬಿಸಿಲು ಇಳೀಲಿ. ಮೊದ್ಲು ಅಪ್ಪನ್ನ ನೋಡ್ಕೋತೀನಿ, ಆಮೇಲೆ ಮರಿಗಳನ್ನ ತೆಗೀತೀನಿ."

ನರಸಮ್ಮ ಸದ್ದಿಲ್ಲದೆ ಹಿಂದಕ್ಕೆ ಸರಿದಳು. ಲೋಟವನ್ನು ತುಳಸಿಕಟ್ಟೆಯ ಮೇಲಿಟ್ಟಳು. ಇಡುವಾಗ ಅರ್ಧ ಮಜ್ಜಿಗೆ ಸೀರೆಯ ಮೇಲೆ ಚೆಲ್ಲಿತು.

ಅವಳ ಮನೆಯಲ್ಲಿ ಮಕ್ಕಳು ಎರಡು. ಅಕ್ಷತ, ರಂಜಿತ. ಇಬ್ಬರನ್ನೂ ಅವಳು ಕರೆಯುವುದು ಮರಿ ಎಂದೇ. ಅಪ್ಪ, ನರಸಮ್ಮನ ಮಗ ನರೇಶ, ಒಬ್ಬನೇ ನೋಡಿಕೊಳ್ಳುತ್ತಿದ್ದ. ಪಿಲ್ಲಗುಂಪೆಯ ಒಂದು ಫ್ಯಾಕ್ಟರಿಯಲ್ಲಿ ಅವನ ಕೆಲಸ. ತಾಯಿ ಮಮತ ಹೋದ ಯುಗಾದಿಯ ಹೊತ್ತಿಗೆ ಮನೆ ಬಿಟ್ಟು, ದೊಡ್ಡಬಳ್ಳಾಪುರದಲ್ಲಿ ಇನ್ನೊಬ್ಬನ ಜೊತೆ ಇದ್ದಳು. ಊರಿಗೆಲ್ಲ ಗೊತ್ತಿದ್ದ ಸಂಗತಿ. ಒಂದು ಸಲ ಬಂದು ಗೇಟಿನ ಹೊರಗೆ ನಿಂತು, "ನನ್ನ ಮಕ್ಕಳನ್ನ ಹೆಂಗೆ ಕರ್ಕೊಂಡ್ ಹೋಗ್ಬೇಕೋ ನಂಗೊತ್ತು" ಎಂದು ಕೂಗಿ ಹೋಗಿದ್ದಳು. ಅಂದಿನಿಂದ ನರಸಮ್ಮನ ನಿದ್ದೆ ತೆಳುವಾಗಿತ್ತು. ಗೇಟಿನ ಚಿಲಕ ಸದ್ದಾದರೆ ಎದ್ದು ಕೂರುತ್ತಿದ್ದಳು.

ಹಾಗಾದರೆ ಹಕ್ಕಿ ನೋಡುವುದು ಎಂದದ್ದು ಇದಕ್ಕೆ. ಮುಖ ಕಾಣಬೇಕು ಎಂದದ್ದೂ ಇದಕ್ಕೇ.

ಹಿತ್ತಲ ಬಾಗಿಲಿನಿಂದ ಅವಳು ಸ್ಕೂಲಿಗೆ ಓಡಿದಳು. ಓಡುವ ವಯಸ್ಸಲ್ಲ. ಚಪ್ಪಲಿ ಮೆಟ್ಟಿರಲಿಲ್ಲ. ಸ್ಕೂಲು ಬಿಡಲು ಇನ್ನೂ ಹೊತ್ತಿತ್ತು. "ಮನೇಲಿ ಪೂಜೆ ಐತೆ ಮೇಡಂ" ಎಂದು ಸುಳ್ಳು ಹೇಳಿ ಮಕ್ಕಳನ್ನು ಕರೆದುಕೊಂಡಳು. ದೇವರ ಹೆಸರಲ್ಲಿ ಸುಳ್ಳಾಡಿದೆನಲ್ಲ ಎಂಬ ಭಯವೂ ಒಂದು ಎಳೆಯಾಗಿ ಆ ದೊಡ್ಡ ಭಯಕ್ಕೆ ಸೇರಿಕೊಂಡಿತು.

ದಾರಿಯಲ್ಲಿ ಅಕ್ಷತ ಕೈ ಜಗ್ಗಿದಳು. "ಅಜ್ಜಿ, ಬೀಳಿನ ಕಡೆಯಿಂದ ಹೋಗಣ. ಹಕ್ಕಿ ತಾತ ಇವತ್ತು ತೋರಿಸ್ತೀನಿ ಅಂದೌರೆ."

"ಏನ್ ತೋರಿಸ್ತಾರೆ?"

"ಮರಿ—"

ನರಸಮ್ಮ ಅವಳ ಬಾಯಿಗೆ ಅಂಗೈ ಒತ್ತಿದಳು. ಮಗುವಿನ ಮನಸ್ಸನ್ನು ಆಗಲೇ ಒಲಿಸಿಕೊಂಡಿದ್ದಾನೆ! ಒಂದನ್ನು ಎಳೆದುಕೊಂಡು, ಇನ್ನೊಂದನ್ನು ಸೊಂಟಕ್ಕೇರಿಸಿಕೊಂಡು, ಸುತ್ತುದಾರಿಯಲ್ಲಿ ಮನೆ ಸೇರಿ ಅಗುಳಿ ಹಾಕಿದಳು. ನರೇಶನಿಗೆ ಫೋನು ಹಚ್ಚಿದರೆ ಸ್ವಿಚಾಫ್. ಕೆಲಸದ ಹೊತ್ತಿನಲ್ಲಿ ಫೋನನ್ನು ಬೀರುವಿನಲ್ಲಿಟ್ಟು ಹೋಗಬೇಕೆಂಬುದು ಅಲ್ಲಿಯ ಕಟ್ಟಳೆ. ಗೊತ್ತಿದ್ದೂ ಮತ್ತೆ ಮತ್ತೆ ಹಚ್ಚಿದಳು.

ಕೊನೆಗೆ ಹಿತ್ತಲ ಗೋಡೆಯ ಮೇಲಿಂದ ಪಿಳ್ಳಪ್ಪನನ್ನು ಕರೆದಳು. ಪಿಳ್ಳಪ್ಪ ಹಾಲಿನ ಡೈರಿಯ ಸೆಕ್ರೆಟರಿ, ನರಸಮ್ಮನಿಗೆ ತಮ್ಮನಂಥವನು. ಊರಿನ ಯಾವ ಸುದ್ದಿಯೂ ಅವನ ಫೋನಿಗೆ ಬಾರದೆ ಮುಂದಕ್ಕೆ ಹೋಗುತ್ತಿರಲಿಲ್ಲ. ಕೇಳಿದ್ದನ್ನೆಲ್ಲ ಅವಳು ಒಂದೇ ಉಸಿರಿಗೆ ಹೇಳಿದಳು.

"ಫ್ಯಾಮಿಲಿ ಮುಗ್ಸಿದೀನಿ ಅಂದ್ನಾ? ನಿನ್ ಕಿವೀಲೇ ಕೇಳಿದ್ಯಾ ನರಸಕ್ಕ?"

"ನನ್ ಕಿವೀಲೇ ಕಣಪ್ಪ. ಮಡಗಾಸ್ಕರ ಅಂತ ಯಾವ್ದೋ ಊರಂತೆ. ಅಲ್ಲಿ ಒಂದು ಸಂಸಾರ ಉಳಿಸಿಲ್ವಂತೆ."

"ಎಲ್ಲೈತೆ ಅದು?"

"ತಮಿಳು ಸೀಮೆ ಕಡೆ ಇರ್ಬೇಕು. ಹೆಂಗ್ಸೊಬ್ಳು ಫೋನಲ್ಲಿ ಹೇಳ್ಕೊಡ್ತಾವ್ಳೆ. ಮಮತಾದೇ ಕಡೆಯೋಳು ಅನ್ಸುತ್ತೆ."

"ನಂಗೆ ಮೊನ್ನೆನೇ ಅನುಮಾನ ಬಂತು. ಪ್ಯಾಂಟಿಗೆ ಅಷ್ಟೊಂದು ಜೇಬು ಯಾವ ಮರ್ಯಾದಸ್ಥ ಇಟ್ಕೊಂತಾನೆ?" ಪಿಳ್ಳಪ್ಪ ಫೋನನ್ನು ಬಾಯಿಯ ಹತ್ತಿರ ಹಿಡಿದು ಗ್ರೂಪಿಗೆ ಮಾತು ಕಳಿಸಿದ: "ಲೇ, ಮಕ್ಕಳ ಕಳ್ಳ ಬಂದೌನೆ ಕಣ್ರೋ. ಕೆರೆ ಹಿಂದ್ಗಡೆ ಬೀಳು. ಬೇಗ ಬನ್ರೋ." ಆಮೇಲೆ ಇವಳ ಕಡೆ ತಿರುಗಿ, "ನೀನು ಬಾಗ್ಲು ತೆಗೀಬೇಡ ಅಕ್ಕ. ನಾವು ನೋಡ್ಕೋತೀವಿ" ಎಂದ.

ಆ ಮಾತಿಗೆ ಅವಳಿಗೆ ಧೈರ್ಯ ಬರಬೇಕಾಗಿತ್ತು. ಕಿಟಕಿಯ ಸಂದಿನಿಂದ ನೋಡುತ್ತಾ ನಿಂತಳು. ಕಾರು ಮರದ ಕೆಳಗೇ ಇತ್ತು, ಮನುಷ್ಯ ಇರಲಿಲ್ಲ, ಬೀಳಿನ ಕಡೆ ಹೋಗಿರಬೇಕು. ಸ್ವಲ್ಪ ಹೊತ್ತಿಗೆ ಬೈಕುಗಳು ಬಂದವು. ಮೊದಲ ಬೈಕಿನವರು ಊರ ಹುಡುಗರೇ. ಆಮೇಲೆ ಬಂದವರನ್ನು ಅವಳು ಕಂಡಿರಲಿಲ್ಲ. ಅದರಾಚೆ ಬಂದವರನ್ನು ಪಿಳ್ಳಪ್ಪನೂ ಕಂಡಿರಲಾರ. ಒಬ್ಬನ ಕೈಯಲ್ಲಿ ಕ್ರಿಕೆಟ್ ಬ್ಯಾಟು, ಇನ್ನೊಬ್ಬನ ಕೈಯಲ್ಲಿ ಕಬ್ಬಿಣದ ಪೈಪು. ಅವರ ಮುಖದಲ್ಲಿ ಕೋಪಕ್ಕಿಂತ ಹೆಚ್ಚಾಗಿ ಒಂದು ಥರದ ಲವಲವಿಕೆ ಇತ್ತು. ಅದನ್ನು ಕಂಡು ನರಸಮ್ಮ ಕಿಟಕಿ ಮುಚ್ಚಿದಳು.

ಅವಳ ತಂದೆ ಪದ್ಯಗಳನ್ನು ರಾಗವಾಗಿ ಓದುತ್ತಿದ್ದವರು. ಕಂಬಕ್ಕೊರಗಿ ಕೂತು ಕೇಳಿ ಕೇಳಿಯೇ ನೂರಾರು ಅವಳ ಬಾಯಿಗೆ ಬಂದಿದ್ದವು. ಕಷ್ಟ ಬಂದಾಗಲೆಲ್ಲ ಒಂದನ್ನು ಹಿಡಿದು ದಾಟಿದವಳು ಅವಳು. ಈಗ ದೇವರ ಗೂಡಿನ ಮುಂದೆ ಮಕ್ಕಳನ್ನು ಅವುಚಿಕೊಂಡು ಕೂತು ಒಂದನ್ನು ಶುರು ಮಾಡಿದಳು. ಮೊದಲ ಸಾಲು ಬಂತು, ಎರಡನೆಯದು ಬಂತು, ಮೂರನೆಯದು ಎಲ್ಲಿಯೋ ಕಳಚಿಹೋಯಿತು. ಮತ್ತೆ ಮೊದಲಿನಿಂದ ಹಿಡಿದಳು. ಅಲ್ಲೇ ಮತ್ತೆ ಕಡಿದುಹೋಯಿತು.

"ಅಜ್ಜಿ, ಯಾಕೆ ಬಾಗ್ಲು ಹಾಕಿದ್ಯಾ?" ಅಕ್ಷತ ಪಿಸುಗುಟ್ಟಿದಳು. "ಹಕ್ಕಿ ತಾತ ಕಾಯ್ತಾರೆ. ಬುರ್ಲಿ ಮರಿ ತೋರಿಸ್ತೀನಿ ಅಂದೌರೆ."

"ಏನ್ ಮರಿ?"

"ಬುರ್ಲಿ. ಬುರ್ಲಿ ಥರಾನೇ ಇರುತ್ತಂತೆ, ಆದ್ರೆ ಬುರ್ಲಿ ಅಲ್ವಂತೆ. ಅದ್ರದ್ದು ಬೇರೆ ಫ್ಯಾಮಿಲಿ ಅಂತೆ. ಹಕ್ಕಿಗೂ ಫ್ಯಾಮಿಲಿ ಇರುತ್ತೆ ಅಜ್ಜಿ, ತಾತ ಹೇಳಿದ್ರು." ಮಗು ಅಜ್ಜಿಯ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಿತು. "ಅದಕ್ಕೂ ಅಮ್ಮ ಇಲ್ವಂತೆ. ಮೊಟ್ಟೆ ಇಟ್ಟು ಹೊಂಟೋಗುತ್ತಂತೆ. ಅಪ್ಪನೇ ಸಾಕೋದಂತೆ. ನಮ್ ಥರಾನೇ."

ಕಾರಿನ ಆಚೆಯಿಂದ ಕೇಳಿದ್ದ ಮಾತುಗಳು ಒಂದೊಂದಾಗಿ ತಿರುಗಿ ಬಂದವು. ಅವೇ ಮಾತುಗಳು. ಮುಗಿಸುವುದು, ನೋಡಿಕೊಳ್ಳುವುದು, ತೆಗೆಯುವುದು. ಹೆಗಲಿಗೆ ಕ್ಯಾಮೆರಾ ಹಾಕಿಕೊಂಡವನು ಇನ್ನೇನು ತೆಗೆಯುತ್ತಾನೆ? ಶಿವನೇ, ಆ ಮುದುಕನನ್ನು ನಾನು ಯಾರ ಕೈಗೆ ಕೊಟ್ಟುಬಿಟ್ಟೆ!

ಬೀಳಿನ ಕಡೆಯಿಂದ ಕೂಗು ಕೇಳಿಸಿತು.

ಮಕ್ಕಳನ್ನು ಒಳಗೆ ಬಿಟ್ಟು ಹೋಗುವುದೇ, ಕರೆದುಕೊಂಡು ಹೋಗುವುದೇ? ಬಿಟ್ಟುಹೋದರೆ ತನ್ನ ಬಾಯಿಮಾತನ್ನು ಅಲ್ಲಿ ಯಾರು ಕೇಳುತ್ತಾರೆ? ಮಕ್ಕಳ ಮುಖ ಕಂಡರೆ ನಂಬಿಯಾರು. ಎರಡೂ ಕೈಗಳಲ್ಲಿ ಇಬ್ಬರನ್ನೂ ಬಿಗಿಯಾಗಿ ಹಿಡಿದು ಅವಳು ಬಾಗಿಲು ತೆಗೆದಳು.

ಹುಲ್ಲಿನ ನಡುವೆ ಗುಂಪು ಗುಂಡಗೆ ನಿಂತಿತ್ತು. ಕಾಲುಗಳ ಸಂದಿಯಿಂದ ಅವಳಿಗೆ ಮೊದಲು ಕಂಡದ್ದು ಆ ಜೇಬುಗಳ ಪ್ಯಾಂಟು. ಭಾನುಪ್ರಕಾಶ್ ಬೋರಲು ಬಿದ್ದಿದ್ದರು. ಒಬ್ಬ ಯುವಕ ಅವರ ಬೆನ್ನಿನ ಮೇಲೆ ಮಂಡಿಯೂರಿ, ತಲೆಯನ್ನು ನೆಲಕ್ಕೆ ಒತ್ತಿದ್ದ. ದುರ್ಬೀನಿನ ಪಟ್ಟಿ ಕತ್ತಿಗೆ ಸುತ್ತಿಕೊಂಡಿತ್ತು. ಕಿವಿಯ ಹಿಂದಿನಿಂದ ರಕ್ತ ಇಳಿಯುತ್ತಿತ್ತು. ಇನ್ನೊಬ್ಬ ಫೋನು ಹಿಡಿದು ವಿಡಿಯೋ ಮಾಡುತ್ತಿದ್ದ.

"ಕಾಲಿಡ್ಬೇಡಿ..." ಭಾನುಪ್ರಕಾಶರ ದನಿ ಮಣ್ಣಿನಿಂದ ಬಂದ ಹಾಗೆ ಬಂತು. "ಕಾಲಿಡ್ಬೇಡಿ, ದಮ್ಮಯ್ಯ. ಮರಿ ಇವೆ ಇಲ್ಲಿ."

"ಒಪ್ಕೊಂಡ ನೋಡ್ ಗುರು! ಮರಿ ಇವೆಯಂತೆ!" ಮಂಡಿಯೂರಿದವನು ಕೂಗಿದ. "ಎಲ್ಲಿ ಬಚ್ಚಿಟ್ಟಿದೀಯೋ? ಹೇಳ್ಲಾ!"

ಪೈಪು ಹಿಡಿದವನು ಕೈ ಎತ್ತಿದ. ಮಕ್ಕಳನ್ನು ಎಳೆದುಕೊಂಡು ನರಸಮ್ಮ ಗುಂಪಿನೊಳಗೆ ನುಗ್ಗಿ, ಬಿದ್ದಿದ್ದವರ ಪಕ್ಕದಲ್ಲಿ ಕುಕ್ಕರಿಸಿಬಿಟ್ಟಳು. ಪೈಪು ಗಾಳಿಯಲ್ಲೇ ನಿಂತಿತು.

"ಇಲ್ಲೌರೆ ಮಕ್ಕಳು!" ಎಂದು ಅರಚಿದಳು. "ಯಾರೂ ಕದ್ದಿಲ್ಲ. ನನ್ ತಪ್ಪು ಕಣ್ರಪ್ಪ. ಬುರ್ಲಿ ಮರಿ ಅವು, ಬುರ್ಲಿ!"

"ಬಾಗ್ಲು ತೆಗೀಬೇಡ ಅಂದಿದ್ನಲ್ಲ ನರಸಕ್ಕ!" ಪಿಳ್ಳಪ್ಪ ಹಿಂದಿನಿಂದ ಗದರಿದ. ತಾನು ಕರೆದ ಜನ ತನ್ನ ಮಾತು ಕೇಳುತ್ತಿಲ್ಲವೆಂದು ಅವನಿಗೆ ಆಗಲೇ ಗೊತ್ತಾಗಿತ್ತು.

ಫೋನು ಹಿಡಿದಿದ್ದವನು ಫೋನನ್ನು ನರಸಮ್ಮನ ಮುಖದ ಕಡೆ ತಿರುಗಿಸಿದ. "ಈಯಮ್ಮ ಯಾರು? ಬಂದ್ ಬಂದಂಗೇ ಅವ್ನ ಪರ ಮಾತಾಡ್ತಾವ್ಳೆ. ಮಕ್ಕಳು ಇವಳ ಕೈಲೇ ಔರಲ್ಲ! ಇಬ್ರೂ ಜೊತೆಯೋರೇ ಇರ್ಬೇಕು."

"ಹೌದಲ್ವಾ ಮಚ್ಚಾ!"

"ಏಯ್ ಪಾಪು," ಅವನು ರಂಜಿತಳ ಮುಂದೆ ಬಗ್ಗಿದ. "ಹೆದರ್ಬೇಡ. ನಿಮ್ಮಮ್ಮ ಎಲ್ಲಿ?"

ರಂಜಿತಳ ತುಟಿ ಅದುರಿತು. "ಗೊತ್ತಿಲ್ಲ" ಎಂದಳು. ಆಮೇಲೆ ಗಟ್ಟಿಯಾಗಿ ಅಳತೊಡಗಿದಳು. "ಅಮ್ಮ ಬೇಕು! ನಂಗೆ ಅಮ್ಮ ಬೇಕು!"

ಗುಂಪು ಒಂದು ಹೆಜ್ಜೆ ಹತ್ತಿರ ಬಂತು. ಯಾರೋ ನರಸಮ್ಮನ ಕೈಯಿಂದ ಅಕ್ಷತಳನ್ನು ಬಿಡಿಸಲು ಎಳೆದರು. ಅವಳು ಬಿಡಲಿಲ್ಲ. ಬಳೆ ಒಡೆದು ಮಣಿಕಟ್ಟಿಗೆ ಚುಚ್ಚಿತು. ಇಷ್ಟು ದಿನ ಯಾವುದಕ್ಕೆ ಹೆದರಿ ಚಿಲಕ ಹಾಕಿಕೊಂಡಳೋ ಅದು ಈಗ ಹಾಡುಹಗಲಲ್ಲಿ, ಊರ ಜನರ ಎದುರಿಗೇ ಆಗುತ್ತಿತ್ತು. ಕರೆಸಿದವಳೂ ಅವಳೇ.

"ಕೈ ತೆಗೀರಲೇ!" ಪಿಳ್ಳಪ್ಪ ಒಳಗೆ ನುಗ್ಗಿ ಬಂದ. ಎಳೆಯುತ್ತಿದ್ದವನ ಎದೆಗೆ ಕೈ ಕೊಟ್ಟು ತಳ್ಳಿದ. "ನಮ್ಮಕ್ಕ ಕಣಲೇ ಇವಳು! ನಮ್ ನರೇಶನ ಮಕ್ಕಳು ಇವು! ನೀನ್ಯಾವ ಊರೋನೋ? ನಮ್ಮೂರ ಮಕ್ಕಳ ಮೇಲೆ ಕೈ ಹಾಕಕ್ಕೆ ನೀನ್ಯಾವನೋ?"

"ನೀನೇ ಅಲ್ವೇನಣ್ಣಾ ಬನ್ರೋ ಅಂತ ಕರೆದಿದ್ದು?"

"ಕರೆದೆ. ಈಗ ಹೋಗ್ರೋ ಅಂತಿದೀನಿ."

ಊರ ಹುಡುಗರು ನಾಲ್ಕೈದು ಜನ ಪಿಳ್ಳಪ್ಪನ ಪಕ್ಕಕ್ಕೆ ಸರಿದರು. ಬೆನ್ನ ಮೇಲೆ ಕೂತಿದ್ದವನು ಏಳಲಿಲ್ಲ, ಕೈ ಮಾತ್ರ ಸಡಿಲಿಸಿದ. "ಹಂಗಾದ್ರೆ ಈ ಯಪ್ಪ ಯಾವ ಫ್ಯಾಮಿಲಿ ಮುಗ್ಸೌನೆ? ಅದು ಹೇಳ್ಲಿ ಮೊದ್ಲು."

ಭಾನುಪ್ರಕಾಶ್ ಕೆನ್ನೆಯನ್ನು ನೆಲದಿಂದ ಎತ್ತದೆಯೇ ಹೇಳಿದರು. ಹಲ್ಲಿಗೆ ಹಲ್ಲು ಕಟಕಟ ಹೊಡೆಯುತ್ತಿತ್ತು. "ಪ್ರಪಂಚದಲ್ಲಿ ಹಕ್ಕಿಗಳದ್ದು... ಇನ್ನೂರೈವತ್ತು ಚಿಲ್ಲರೆ ಫ್ಯಾಮಿಲಿ ಇವೆಯಪ್ಪ. ಕಾಗೆದೊಂದು, ಗೂಬೆದೊಂದು, ಹಂಗೆ. ಪ್ರತಿಯೊಂದರಲ್ಲೂ ಒಂದಾದ್ರೂ ನೋಡ್ಬೇಕು ಅಂತ... ಎಲ್ಲಾ ಖಂಡ ಸುತ್ತಿದೆ. ಈ ಬುರ್ಲಿ ಥರದ್ದು ಒಂದು ಉಳಿದಿತ್ತು. ಬುರ್ಲಿಗೆ ಕಾಲಲ್ಲಿ ಹಿಂದೊಂದು ಬೆರಳಿರುತ್ತೆ, ಇದಕ್ಕಿಲ್ಲ. ಎಷ್ಟು ಸಲ ಕಂಡ್ರೂ ಕಾಲಡಿಯಿಂದ ಭರ್ರಂತ ಹಾರೋದು. ಬೆನ್ನು ಮಾತ್ರ ಕಾಣೋದು."

ಪೈಪು ಹಿಡಿದವನು ಕೈ ಇಳಿಸಿದ.

"ಬುರ್ಲಿಗಾ?" ಬ್ಯಾಟು ಹಿಡಿದವನು ಕೇಳಿದ. "ನಮ್ಮಪ್ಪ ಅದನ್ನ ಹುರ್ಕೊಂಡ್ ತಿಂತಾನೆ ಗುರು. ಇದಕ್ಕೆ ಪ್ರಪಂಚ ಸುತ್ಬೇಕಾ?"

ಯಾರೋ ಕಿಸಕ್ಕನೆ ನಕ್ಕರು. ಆ ನಗು ಗುಂಪಿನಲ್ಲಿ ಹರಿದಾಡಿ ಕಾಲುಗಳನ್ನು ಸಡಿಲಿಸಿತು. ಬೈಕುಗಳು ಒಂದೊಂದಾಗಿ ಸ್ಟಾರ್ಟಾದವು. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ. ವಿಡಿಯೋ ಮಾಡಿದವನು ಹೋಗುತ್ತಾ ಹೋಗುತ್ತಾ ಫೋನಿನಲ್ಲಿ ಏನನ್ನೋ ಒತ್ತುತ್ತಲೇ ಇದ್ದ.

ಪಿಳ್ಳಪ್ಪ ಭಾನುಪ್ರಕಾಶರನ್ನು ಎಬ್ಬಿಸಿ ಕೂರಿಸಿದ. "ಸಾರ್, ನೀವಾದ್ರೂ ಕನ್ನಡದಲ್ಲಿ ಸಂಸಾರ ಅಂದಿದ್ರೆ..." ಎಂದು ಶುರು ಮಾಡಿ, ಅದೂ ಸರಿಹೋಗುತ್ತಿರಲಿಲ್ಲವೆನಿಸಿ, ನೀರು ತರುತ್ತೇನೆಂದು ಹೋದ.

ನರಸಮ್ಮ ಸೆರಗಿನಿಂದ ಅವರ ಕಿವಿಯ ಹಿಂದಿನ ರಕ್ತ ಒರೆಸಿದಳು. ಅವರು ಅವಳನ್ನು ನೋಡುತ್ತಿರಲಿಲ್ಲ. ಎರಡು ಗೇಣು ಆಚೆಗಿದ್ದ ಹುಲ್ಲಿನ ಬುಡವನ್ನೇ ನೋಡುತ್ತಿದ್ದರು.

"ಮುಖ ಒತ್ತಿ ಹಿಡಿದಿದ್ರಲ್ಲ," ಎಂದರು ಮೆಲ್ಲಗೆ. "ಆಗ ಕಾಣಿಸ್ತಮ್ಮ. ಇಷ್ಟು ಹತ್ರ. ಬಿಳೀ ಕಣ್ಣು ಅದಕ್ಕೆ. ರೆಕ್ಕೆ ಕೆಳಗೆ ಮರಿಗಳು. ಅಷ್ಟು ಜನ ತುಳಿದಾಡಿದ್ರೂ ಎದ್ದು ಹಾರ್ಲಿಲ್ಲ. ನನ್ನೇ ನೋಡ್ತಾ ಕೂತಿತ್ತು. ಇಬ್ರೂ ಒಂದೇ ಥರ ನಡುಗ್ತಿದ್ವಿ."

"ಲೆಕ್ಕಕ್ಕೆ ಬಂತಾ ಸ್ವಾಮಿ?"

ಅವರು ಕತ್ತಿಗೆ ಸುತ್ತಿದ್ದ ಪಟ್ಟಿಯನ್ನು ಬಿಡಿಸಿಕೊಳ್ಳಲು ನೋಡಿದರು. ಗಂಟು ಬಿಡಲಿಲ್ಲ. ಅಕ್ಷತ ಹೋಗಿ ಬಿಡಿಸಿಕೊಟ್ಟಳು. ಪಿಳ್ಳಪ್ಪ ಬಂದ ಮೇಲೆ, ಅವನೇ ಕಾರು ಓಡಿಸಿಕೊಂಡು ಅವರನ್ನು ಹೊಸಕೋಟೆಯ ಆಸ್ಪತ್ರೆಗೆ ಕರೆದೊಯ್ದ.

ದೀಪ ಹಚ್ಚುವ ಹೊತ್ತಿಗೆ ನರಸಮ್ಮ ಮಕ್ಕಳಿಗೆ ಅನ್ನ ಕಲಸಿ ಕೊಟ್ಟಿದ್ದಳು. ಫೋನು ಬಡಿದುಕೊಂಡಿತು. ನರೇಶನಿರಬೇಕೆಂದು ಎತ್ತಿದಳು.

"ಅತ್ತೆ!" ಬಿಕ್ಕಳಿಕೆಯ ನಡುವೆ ಬಂದ ದನಿ ಮಮತಾದು. "ಅತ್ತೆ, ಮಕ್ಕಳೆಲ್ಲಿ? ಎಲ್ಲಾರ ಫೋನಿಗೂ ವಿಡಿಯೋ ಬಂದೈತೆ. ರಂಜು ಅಳ್ತೈತೆ ಅದರಲ್ಲಿ. ಅಮ್ಮ ಬೇಕು ಅಂತೈತೆ. ಯಾರತ್ತೆ ಅವ್ರು? ನಿಮ್ ಕೈಯಿಂದ ಎಳ್ಕೊಂತಾವ್ರಲ್ಲ, ಯಾರು?"

"ಔರೆ," ಎಂದಳು ನರಸಮ್ಮ. "ಇಲ್ಲೇ ಔರೆ. ಉಣ್ತಾ ಔರೆ."

ಆಚೆಯಿಂದ ಉಸಿರಾಟ ಮಾತ್ರ ಕೇಳಿಸುತ್ತಿತ್ತು. ಇಡೀ ಮಧ್ಯಾಹ್ನ ತನ್ನ ಎದೆಯಲ್ಲಿ ಹೊಡೆದುಕೊಂಡದ್ದೇ ಅಲ್ಲೂ ಹೊಡೆದುಕೊಳ್ಳುತ್ತಿದೆ ಎಂದು ನರಸಮ್ಮನಿಗೆ ಗೊತ್ತಾಯಿತು. ಹಾಗೆಂದು ಅವಳ ಭಯವೇನೂ ಕಡಿಮೆಯಾಗಲಿಲ್ಲ.

"ಒಂದ್ಸಲ ನೋಡ್ಬೇಕು ಅತ್ತೆ."

ಇಲ್ಲ ಎನ್ನಬಹುದಾಗಿತ್ತು. ಇಷ್ಟು ದಿನ ಅದೊಂದೇ ಮಾತನ್ನು ಹಿಡಿದುಕೊಂಡು ಬಾಗಿಲು ಕಾದಿದ್ದಳು. ರಂಜಿತ ತುತ್ತನ್ನು ಬಾಯಿಯ ಹತ್ತಿರವೇ ನಿಲ್ಲಿಸಿಕೊಂಡು ಅಜ್ಜಿಯ ಮುಖವನ್ನು ನೋಡುತ್ತಿದ್ದಳು.

"ಬಾ," ಎಂದಳು ನರಸಮ್ಮ. "ನರೇಶ ಇರೋ ಹೊತ್ಗೆ ಬಾ. ಬಂದು ನೋಡು." ಕರೆದುಕೊಂಡು ಹೋಗಬೇಡ ಎಂದು ಸೇರಿಸಬೇಕೆಂದುಕೊಂಡಳು. ಅಷ್ಟರಲ್ಲಿ ಆ ಕಡೆ ಅಳು ಜೋರಾಗಿ, ಫೋನು ಕಡಿದುಹೋಯಿತು.

"ಯಾರಜ್ಜಿ?" ಎಂದಳು ರಂಜಿತ.

ತಿಂಗಳುಗಟ್ಟಲೆ ಆ ಮನೆಯಲ್ಲಿ ಆಡದಿದ್ದ ಮಾತನ್ನು ಈಗ ಆಡಬೇಕಾಗಿತ್ತು. ನರಸಮ್ಮ ಫೋನು ಕೆಳಗಿಟ್ಟಳು.

"ನಿಮ್ಮಮ್ಮ" ಎಂದಳು.